ಅಲೆಪ್ಪೊದ ಹಾಜರಿ ಪುಸ್ತಕ

‘ನಿರಾಶ್ರಿತ’ ಎಂಬ ಶಬ್ದವನ್ನು ನಾವು ಹಗುರವಾಗಿ ಬಳಸುತ್ತೇವೆ. ಆಶ್ರಯ ತಪ್ಪಿದವನು ಎಂದಷ್ಟೇ ಅದರ ಅರ್ಥ. ಮನೆಯೊಡನೆ ಮನುಷ್ಯ ಇನ್ನೂ ಏನೇನನ್ನು ಕಳೆದುಕೊಳ್ಳುತ್ತಾನೆಂಬುದನ್ನು ಅದು ಹೇಳುವುದಿಲ್ಲ. ಇದನ್ನು ನನಗೆ ಮನಗಾಣಿಸಿದ್ದು ಡೆನ್ಮಾರ್ಕಿನ ಒಬ್ಬ ಉಪಾಧ್ಯಾಯಿನಿಯ ಜೀವನವೃತ್ತಾಂತ. ಆಕೆಯ ಹೆಸರು ಕಾರೆನ್ ಯೆಪ್ಪೆ.

1876ರಲ್ಲಿ ಹುಟ್ಟಿದ ಯೆಪ್ಪೆ 1903ರಲ್ಲಿ ಆಟೊಮನ್ ಸಾಮ್ರಾಜ್ಯದ ಉರ್ಫಾ ಪಟ್ಟಣಕ್ಕೆ ಬಂದರು. ಜರ್ಮನಿಯ ಪಾದ್ರಿ ಯೋಹಾನೆಸ್ ಲೆಪ್ಸಿಯುಸ್ ಅವರ ಮಿಶನ್ ಅಲ್ಲಿ ಆರ್ಮೇನಿಯನ್ ಅನಾಥ ಮಕ್ಕಳನ್ನು ಸಾಕಿ ಓದಿಸುತ್ತಿತ್ತು. ಆರ್ಮೇನಿಯನ್ನರು ನಾಲ್ಕನೆಯ ಶತಮಾನದ ಆದಿಯಿಂದಲೂ ಕ್ರೈಸ್ತರು. ಅವರಿಗೆ ತಮ್ಮದೇ ಆದ ಪ್ರಾಚೀನ ಚರ್ಚು ಉಂಟು. ಆದರೂ ಅಮೆರಿಕದ ಮಿಶನರಿಗಳು ಅವರ ನಡುವೆ ಪ್ರಾಟೆಸ್ಟೆಂಟ್ ಪಂಥವನ್ನು ಹರಡಿದ್ದರು. 1846ರಲ್ಲಿ ಪ್ರತ್ಯೇಕ ಚರ್ಚೇ ಏರ್ಪಟ್ಟಿತ್ತು. ಯೆಪ್ಪೆ ಆ ದಾರಿ ಹಿಡಿಯಲಿಲ್ಲ. ಅಕ್ಷರ ಕಲಿಸುವುದು, ಕಸುಬು ಕಲಿಸುವುದು ತಮ್ಮ ಕೆಲಸವೆಂದು ತಿಳಿದರು.

1915ರಲ್ಲಿ ಆರ್ಮೇನಿಯನ್ನರ ಗಡೀಪಾರು ಆರಂಭವಾಯಿತು. ಗಂಡಸರಲ್ಲಿ ಅಸಂಖ್ಯರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಸಿರಿಯದ ಮರುಭೂಮಿಯ ಕಡೆಗೆ ಅಟ್ಟಲಾಯಿತು. ಯೆಪ್ಪೆ ತಮ್ಮ ಮನೆಯಲ್ಲಿ ಕೆಲವರನ್ನು ಬಚ್ಚಿಟ್ಟು ಉಳಿಸಿದರು. ದಾರಿಯಲ್ಲಿ ಬದುಕುಳಿದ ಸಾವಿರಾರು ಹೆಂಗಸರು ಮಕ್ಕಳು ಅರಬ್, ಕುರ್ದ್, ತುರ್ಕಿ ಮನೆಗಳನ್ನು ಸೇರಿದರು. ಕೆಲವರು ಮಾರಾಟವಾದರು, ಕೆಲವರನ್ನು ಕರುಣೆಯುಳ್ಳವರು ಸಾಕಿಕೊಂಡರು. ಎಳೆಯ ಮಕ್ಕಳು ತಾಯ್ನುಡಿಯನ್ನು ಮರೆತರು. ಎಷ್ಟೋ ಮಂದಿ ತಮ್ಮ ಹೆಸರನ್ನೇ ಮರೆತರು.

ಇವರನ್ನು ಬಿಡಿಸಿ ತರುವ ಹೊಣೆಯನ್ನು 1921ರಲ್ಲಿ ಅಂದಿನ ರಾಷ್ಟ್ರಸಂಘವು ಯೆಪ್ಪೆಯವರಿಗೆ ವಹಿಸಿತು. ಸಿರಿಯದ ಅಲೆಪ್ಪೊ ನಗರದಲ್ಲಿ ಅವರು ಒಂದು ಆಶ್ರಯಗೃಹವನ್ನು ನಡೆಸಿದರು. ಬಂದವರಿಗೆ ಊಟ ಬಟ್ಟೆಗಳು ದೊರೆಯುತ್ತಿದ್ದವು. ಅವುಗಳ ಜೊತೆಗೆ ದಫ್ತರದಲ್ಲಿ ಒಂದು ಪುಟವೂ ದೊರೆಯುತ್ತಿತ್ತು. ಆ ಪುಟದಲ್ಲಿ ಒಂದು ಭಾವಚಿತ್ರ, ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ಊರು, ಪಟ್ಟ ಪಾಡಿನ ನಾಲ್ಕಾರು ಸಾಲು. ಆ ಎಳೆಯನ್ನು ಹಿಡಿದು ಬಂಧುಗಳನ್ನು ಹುಡುಕುತ್ತಿದ್ದರು. ಇಂಥ ಸುಮಾರು 1,700 ದಾಖಲೆಗಳು ಇಂದಿಗೂ ಜಿನೀವಾದಲ್ಲಿವೆ.

ನಾನು ಬಹುಕಾಲ ಶಾಲೆಯಲ್ಲಿ ಹಾಜರಿ ಕೂಗಿದವನು. ಹೆಸರು ಕರೆದೊಡನೆ ಮಗು ಎದ್ದುನಿಂತು ಓಗೊಡುವುದರಲ್ಲಿ ವಿಶೇಷವೇನಾದರೂ ಇದೆಯೆಂದು ನನಗೆ ಎಂದೂ ತೋರಿರಲಿಲ್ಲ. ಓಗೊಡಲು ಹೆಸರೇ ನೆನಪಿಲ್ಲದ ಮಗುವಿನ ಎದುರು ಲೇಖನಿ ಹಿಡಿದು ಕುಳಿತವರ ಚಿತ್ರ ಕಣ್ಣಮುಂದೆ ಬಂದ ಮೇಲೆ, ಹಾಜರಿ ಪುಸ್ತಕ ನನಗೆ ಮೊದಲಿನಂತೆ ಕಾಣಿಸಲಿಲ್ಲ.

ಆದರೆ ಈ ಬಿಡುಗಡೆ ಸರಳವಾಗಿತ್ತೆಂದು ನಾವು ಭಾವಿಸಬಾರದು. ಹತ್ತು ವರ್ಷ ಬೇರೊಂದು ಮನೆಯಲ್ಲಿ ಬಾಳಿ, ಅಲ್ಲಿ ತಾಯಿಯಾದವಳು ಎಲ್ಲಿಗೆ ಸೇರಿದವಳು? ಹೆತ್ತ ಮಕ್ಕಳನ್ನು ಅಲ್ಲೇ ಬಿಟ್ಟು ಬಂದವರಿದ್ದರು. ಮಕ್ಕಳಿಗಾಗಿ ಅಲ್ಲೇ ಉಳಿದವರೂ ಇದ್ದರು. ಯಾವ ದಫ್ತರವೂ ಈ ಲೆಕ್ಕವನ್ನು ಸರಿದೂಗಿಸಲಾರದು.

ಪಾರಾಗಿ ಬಂದವರು ಸದಾ ಕೈಯೊಡ್ಡಿ ಬಾಳುವುದು ಯೆಪ್ಪೆಯವರಿಗೆ ಒಪ್ಪಿಗೆಯಿರಲಿಲ್ಲ. ಅರಬ್ ಮುಖಂಡನೊಬ್ಬನೊಡನೆ ಒಪ್ಪಂದ ಮಾಡಿಕೊಂಡು ಆರ್ಮೇನಿಯನ್ ಕುಟುಂಬಗಳಿಗೆ ಬೇಸಾಯದ ಭೂಮಿ ದೊರಕಿಸಿಕೊಟ್ಟರು. ಹೆಂಗಸರಿಗೆ ಕಸೂತಿಯ ಕೆಲಸ ಒದಗಿಸಿದರು. 1935ರಲ್ಲಿ ಅಲೆಪ್ಪೊದಲ್ಲಿಯೇ ತೀರಿಕೊಂಡರು.

ಹಸಿದವನಿಗೆ ಅನ್ನದೊಡನೆ ಮತವನ್ನೂ ಬಡಿಸುತ್ತಾರೆಂಬ ಶಂಕೆ ಮಿಶನರಿಗಳ ಮೇಲೆ ಬಹುಕಾಲದಿಂದ ಇದೆ. ಅದು ಎಲ್ಲ ಕಡೆಯೂ ನಿರಾಧಾರವೆನ್ನಲಾಗದು. ಅದನ್ನು ತೂಗಿ ನೋಡಲು ನನಗೆ ಈಗ ಒಂದು ಅಳತೆ ಸಿಕ್ಕಿದೆ. ನೆರವು ನೀಡುವವನು ಎದುರಿಗೆ ನಿಂತವನಿಗೆ ಹೊಸ ಹೆಸರಿಡಲು ಹೊರಟಿದ್ದಾನೆಯೇ, ಇಲ್ಲವೇ ಅವನ ಹಳೆಯ ಹೆಸರನ್ನು ಕೇಳಿ ಬರೆದುಕೊಳ್ಳುತ್ತಿದ್ದಾನೆಯೇ ಎಂದು ನೋಡಿದರೆ ಸಾಕು.