ಓಡದೆಯೂ ಬರುವ ರನ್ನು

ಇಂಗ್ಲಿಷ್ ಕಷ್ಟವಾಗುವುದು ಉದ್ದುದ್ದ ಪದಗಳಿಂದ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ನೆಂಟರು ಬಂದಾಗ ಮಕ್ಕಳ ಬಾಯಲ್ಲಿ ಹೇಳಿಸುವುದೂ ಅಂಥವುಗಳ ಸ್ಪೆಲ್ಲಿಂಗನ್ನೇ. ನಿಜ ನೋಡಿದರೆ ಹಿಪೊಪಾಟಮಸ್ ಪಾಪದ ಪದ. ನೀರಾನೆ ಎಂದು ಒಮ್ಮೆ ಕಲಿತರೆ ಜನ್ಮಕ್ಕಾಯಿತು. ಕಾಡುವವು ‘ರನ್’, ‘ಸೆಟ್’, ‘ಗೆಟ್’ ಎಂಬ ಮೂರಕ್ಷರದ ಗಿಡ್ಡರು.

ಅತಿ ಹೆಚ್ಚು ಅರ್ಥಗಳಿರುವ ಇಂಗ್ಲಿಷ್ ಪದ ‘ಸೆಟ್’ ಎಂದು ಕ್ವಿಜ್ ಆಡುವವರು ಈಗಲೂ ಥಟ್ಟನೆ ಉತ್ತರಿಸುತ್ತಾರೆ. ಒಂದು ಕಾಲಕ್ಕೆ ಅದು ಸರಿಯೇ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಆ ಕ್ರಿಯಾಪದಕ್ಕೆ 430ರಷ್ಟು ಅರ್ಥಗಳಿದ್ದವು. ವಿವರಣೆಯೇ ಸುಮಾರು 60,000 ಪದ, ಅಂದರೆ ಒಂದು ಕಾದಂಬರಿಯಷ್ಟು. ಆಮೇಲೆ ಮೂರನೇ ಆವೃತ್ತಿಯ ಕೆಲಸದಲ್ಲಿ ಪೀಟರ್ ಗಿಲಿವರ್ ಎಂಬ ಸಂಪಾದಕರು ‘ರನ್’ ಕೈಗೆತ್ತಿಕೊಂಡು ಒಂಬತ್ತು ತಿಂಗಳು ಅದರೊಡನೆ ಗುದ್ದಾಡಿದರು. ಕ್ರಿಯಾಪದವೊಂದಕ್ಕೇ 645 ಅರ್ಥಗಳು ಸಿಕ್ಕವು. ‘ಸೆಟ್’ ಹಿಂದೆ ಬಿತ್ತು.

ಇಷ್ಟನ್ನೂ ಬಾಯಿಪಾಠ ಮಾಡುವುದು ಹೇಗೆ ಎಂದು ಹೆದರುವುದು ಬೇಡ, ಇಂಗ್ಲಿಷಿನವರೂ ಮಾಡಿಲ್ಲ. ನಾವಾದರೂ ನಮ್ಮ ‘ಓಡು’ ಪದವನ್ನು ಪಟ್ಟಿ ಹಿಡಿದು ಕಲಿತೆವೇ? ನಾಯಿ ಓಡುತ್ತದೆ, ಗಡಿಯಾರ ಓಡುತ್ತದೆ, ಆಟೋದ ಮೀಟರು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ. ಪರೀಕ್ಷೆಯ ಹೊತ್ತಿಗೆ ಮಾತ್ರ ತಲೆ ಓಡುವುದಿಲ್ಲ. ನಿಲ್ಲದೆ ಸಾಗುವುದು ಎಂಬ ಒಂದೇ ಬೇರಿನಿಂದ ಇವೆಲ್ಲ ಟಿಸಿಲೊಡೆದಿವೆ. ‘ರನ್’ ಕತೆಯೂ ಅದೇ. ಅಲ್ಲಿ ಮೂಗು ಸೋರುವುದೂ, ಯಂತ್ರ ನಡೆಯುವುದೂ, ಅಂಗಡಿ ನಡೆಸುವುದೂ ‘ರನ್’. ಕ್ರಿಕೆಟ್ಟಿನಲ್ಲಂತೂ ಟಿಸಿಲು ಬೇರನ್ನೇ ಮರೆತಿದೆ. ಚೆಂಡು ಬೌಂಡರಿ ದಾಟಿದರೆ ಬ್ಯಾಟ್ಸ್‌ಮನ್ ಒಂದು ಹೆಜ್ಜೆ ಓಡದಿದ್ದರೂ ನಾಲ್ಕು ರನ್ನು!

ಹಾಗೆಂದು ಒಂದೇ ರೂಪದ ಪದಗಳೆಲ್ಲ ಒಂದೇ ತಾಯಿಯ ಮಕ್ಕಳೆಂದು ಹೊರಟರೆ ಮೋಸಹೋಗುತ್ತೇವೆ. ತೋಟದಲ್ಲಿ ಬೋರು ಕೊರೆಸುತ್ತೇವೆ, ಭಾಷಣ ಕೇಳಿ ಬೋರು ಹೊಡೆಸಿಕೊಳ್ಳುತ್ತೇವೆ. ಭಾಷಣಕಾರರೂ ತಲೆ ಕೊರೆಯುವುದರಿಂದ ಎರಡೂ ಒಂದೇ ಅನ್ನಿಸುವುದು ಸಹಜ. ಆದರೆ ಕೊರೆಯುವ ‘ಬೋರ್’ ಹಳೆಯ ಇಂಗ್ಲಿಷಿನದು, ಸಾವಿರ ವರ್ಷ ದಾಟಿದ್ದು. ಬೇಸರದ ‘ಬೋರ್’ 18ನೇ ಶತಮಾನದಲ್ಲಿ ಕಾಣಿಸಿಕೊಂಡಿತು, ಅದರ ಹುಟ್ಟೂರು ನಿಘಂಟುಕಾರರಿಗೆ ಇನ್ನೂ ಸಿಕ್ಕಿಲ್ಲ. ಹಾರುವ ‘ಬ್ಯಾಟ್’, ಅಂದರೆ ಬಾವಲಿಗೂ ಆಡುವ ಬ್ಯಾಟಿಗೂ ಹೀಗೇ ನೆಂಟಸ್ತಿಕೆಯಿಲ್ಲ.

ಮೂಲದ ಅರ್ಥವೇ ನಿಜವಾದ ಅರ್ಥ ಎನ್ನುವ ಪಂಡಿತರೂ ಇದ್ದಾರೆ. ಅವರನ್ನು ‘ನೈಸ್’ ಎಂದು ಹೊಗಳಿ ನೋಡಬೇಕು. ಆ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯಸ್’, ಏನೂ ತಿಳಿಯದವ. ಇಂಗ್ಲಿಷಿಗೆ ಬಂದಾಗಲೂ ಅದು ಪೆದ್ದ ಎಂಬ ಬೈಗುಳವೇ ಆಗಿತ್ತು.

ನನಗೆ ತುಂಬ ಇಷ್ಟವಾದದ್ದು ‘ಸ್ಯಾಂಕ್ಷನ್’. ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆದರೆ ಮನೆಯಲ್ಲಿ ಪಾಯಸ. ಇರಾನಿನ ಮೇಲೆ ಅಮೆರಿಕ ಸ್ಯಾಂಕ್ಷನ್ ಹೇರಿತೆಂದರೆ ವ್ಯಾಪಾರಕ್ಕೇ ಕಲ್ಲು. ಒಂದು ಒಪ್ಪಿಗೆ, ಇನ್ನೊಂದು ನಿರ್ಬಂಧ. ಲ್ಯಾಟಿನ್ನಿನಲ್ಲಿ ಅದಕ್ಕೆ ಶಾಸನ ವಿಧಿಸುವುದು ಎಂಬ ಅರ್ಥವಿತ್ತು. ಶಾಸನಕ್ಕೆ ಯಾವತ್ತೂ ಎರಡು ಕೈ: ಅನುಮತಿ ಕೊಡುವುದು ಒಂದು, ಮೀರಿದವರಿಗೆ ದಂಡ ಹಾಕುವುದು ಇನ್ನೊಂದು. ಇದಿಷ್ಟೂ ತಿಳಿಯದೆಯೇ ನಮ್ಮ ರೈತರು ‘ಸ್ಯಾಂಕ್ಸನ್ ಆಯ್ತಾ ಸಾರ್?’ ಎಂದು ಸರಿಯಾದ ಅರ್ಥದಲ್ಲೇ ಕೇಳುತ್ತಾರೆ. ಮ್ಯಾನೇಜರು ಮಾತ್ರ ‘ನಾಳೆ ಬನ್ನಿ’ ಅನ್ನುತ್ತಾರೆ. ಆ ‘ನಾಳೆ’ಗೆ ಎಷ್ಟು ಅರ್ಥಗಳೋ, ಎಣಿಸಲು ಗಿಲಿವರ್ ಅವರೇ ಬರಬೇಕು.