ಕಾರಣವೋ, ನೆಪವೋ?

ನಮ್ಮ ಮೇಲಿನ ಮನೆಯ ಹುಡುಗಿ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ. ಇಂಗ್ಲಿಷಿನಲ್ಲಿ ಏನಾದರೂ ಅನುಮಾನ ಬಂದರೆ ಪುಸ್ತಕ ಹಿಡಿದುಕೊಂಡು ಕೆಳಗೆ ಬರುತ್ತಾಳೆ. ಮೂವತ್ತೈದು ವರ್ಷಗಳ ಹಿಂದೆ, ಆಗಿನ ಗುಲ್ಬರ್ಗದಲ್ಲಿ, ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು ನಾನು ಎಂಬ ಗೌರವ ಈ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಉಳಿದಿದ್ದರೆ ಅದು ಅವಳೊಬ್ಬಳಿಂದಲೇ. 2025ರ ಸೆಪ್ಟೆಂಬರಿನ ಒಂದು ಸಂಜೆ ಅವಳು ತಂದದ್ದು ಮಾತ್ರ ಗಣಿತದ ಪುಸ್ತಕ.

"ಆಂಟಿ, ಇಲ್ಲಿ ಡಿನಾಮಿನೇಟರನ್ನು ರ್ಯಾಷನಲೈಸ್ ಮಾಡಿ ಅಂತಿದೆ. ಪೇಪರಿನಲ್ಲಿ ಜಿ.ಎಸ್.ಟಿ.ಯನ್ನು ರ್ಯಾಷನಲೈಸ್ ಮಾಡಿದರು ಅಂತಿದೆ. ನಿನ್ನೆ ನಾನು ಮಾರ್ಕ್ಸ್ ಕಡಿಮೆಯಾದದ್ದಕ್ಕೆ ಏನೋ ಹೇಳಿದರೆ, ರ್ಯಾಷನಲೈಸ್ ಮಾಡಬೇಡ ಅಂತ ಡ್ಯಾಡಿ ಬೈದರು. ಮೂರೂ ಒಂದೇನಾ?"

ತೆಲುಗು, ಇಂಗ್ಲಿಷ್ ಎರಡನ್ನೂ ಕಲಸಿ ಅವಳು ಕೇಳಿದ ಈ ಪ್ರಶ್ನೆಗೆ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆಂದು ಕಳಿಸಿ, ಅಟ್ಟದ ಮೇಲಿದ್ದ ಹಳೆಯ ನಿಘಂಟನ್ನು ಇಳಿಸಿದೆ. ಆ ರಾತ್ರಿ ಓದಿದ್ದು, ಆಮೇಲೆ ನನ್ನನ್ನೇ ಚುಚ್ಚಿದ್ದು, ಎರಡನ್ನೂ ನಿಮ್ಮೊಡನೆ ಹಂಚಿಕೊಳ್ಳೋಣವೆಂದು ಈ ಲೇಖನ.

ಇಡೀ ಕುಟುಂಬದ ಮೂಲ 'ರ್ಯಾಶಿಯೊ' ಎಂಬ ಲ್ಯಾಟಿನ್ ಪದ. ಲೆಕ್ಕ, ಎಣಿಕೆ ಎಂಬುದು ಅದರ ಹಳೆಯ ಅರ್ಥ; ವಿವೇಕ, ವಿಚಾರ ಎಂಬ ಅರ್ಥಗಳೂ ಅದಕ್ಕಿದ್ದವು. ಗಣಿತದಲ್ಲಿ ಬರುವ ರೇಷಿಯೋ ಇದರದೇ ಮಗು. ಸೈನಿಕನಿಗೆ ಅಳೆದು ಕೊಡುವ ಪಾಲು ರೇಷನ್. ಲೆಕ್ಕಕ್ಕೆ ಸಿಗುವಂತೆ ಯೋಚಿಸುವವನು ರ್ಯಾಷನಲ್. ಫ್ರೆಂಚರ ಮನೆಯಲ್ಲಿ ಬೆಳೆದು ಬಂದದ್ದು ರೀಸನ್. ಅಂದರೆ ನಾವು ಅಕ್ಕಿ ತರಲು ಒಯ್ಯುವ ರೇಷನ್ ಕಾರ್ಡೂ, ದೊಡ್ಡವರು ಭಾಷಣದಲ್ಲಿ ಹೇಳುವ ರ್ಯಾಷನಲ್ ಚಿಂತನೆಯೂ ಒಂದೇ ಬಳ್ಳಿಯ ಕಾಯಿಗಳು! ಅಳೆದು ಸುರಿಯುವುದು ಎರಡಕ್ಕೂ ಸಮಾನ. ಅಡುಗೆಮನೆಯಲ್ಲಿ ದಿನಾ ಪಾವು, ಸೇರು ಹಿಡಿದು ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ಲವೇ?

ಇನ್ನು ರ್ಯಾಷನಲೈಸ್ ಎಂಬ ಕ್ರಿಯಾಪದಕ್ಕೆ ಬರೋಣ. ಮೊದಲನೆಯದು ಗಣಿತ. ಭಿನ್ನರಾಶಿಯ ಛೇದದಲ್ಲಿ ಎರಡರ ವರ್ಗಮೂಲದಂಥ ಸಂಖ್ಯೆ ಕುಳಿತಿದ್ದರೆ, ಮೇಲೆ ಕೆಳಗೆ ಎರಡನ್ನೂ ಅದರಿಂದಲೇ ಗುಣಿಸಿ ಛೇದವನ್ನು ಚೊಕ್ಕಟ ಮಾಡುತ್ತೇವೆ. ಕನ್ನಡ ಗಣಿತ ಪುಸ್ತಕದಲ್ಲಿ ಇದಕ್ಕೆ ಅಕರಣೀಕರಣ ಎನ್ನುತ್ತಾರೆ. ಒಂದು ಮಾತು ನೆನಪಿಡಿ: ಇಲ್ಲಿ ಭಿನ್ನರಾಶಿಯ ಬೆಲೆ ಒಂದಿಷ್ಟೂ ಬದಲಾಗುವುದಿಲ್ಲ. ನೋಡಲು ಅಚ್ಚುಕಟ್ಟಾಗುತ್ತದೆ, ಅಷ್ಟೆ.

ಎರಡನೆಯದು ಸರ್ಕಾರದ್ದು, ಕಂಪನಿಗಳದ್ದು. ಗೋಜಲಾದ ವ್ಯವಸ್ಥೆಯನ್ನು ಸರಳಗೊಳಿಸುವುದು. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ.ಯಲ್ಲಿ ಶೇಕಡಾ 12 ಮತ್ತು 28ರ ಹಂತಗಳಲ್ಲಿದ್ದ ಬಹುತೇಕ ವಸ್ತುಗಳನ್ನು 5 ಮತ್ತು 18ರ ಹಂತಗಳಿಗೆ ತಂದದ್ದು ಈ ಅರ್ಥದಲ್ಲಿ. ಆದರೆ ಇದೇ ಪದ ಒಮ್ಮೊಮ್ಮೆ ಮುಸುಕೂ ಆಗುತ್ತದೆ. ಕಂಪನಿಯವರು ಸಿಬ್ಬಂದಿಯನ್ನು ರ್ಯಾಷನಲೈಸ್ ಮಾಡುತ್ತೇವೆ ಎಂದರೆ ಯಾರದೋ ಕೆಲಸ ಹೋಯಿತೆಂದೇ ತಿಳಿಯಬೇಕು. ಮಕ್ಕಳ ಹೊರೆ ಇಳಿಸಲೆಂದು 2022ರಲ್ಲಿ ಎನ್.ಸಿ.ಇ.ಆರ್.ಟಿ.ಯವರು ಪಠ್ಯಗಳನ್ನು ಕಡಿಮೆ ಮಾಡಿದಾಗಲೂ ಬಳಸಿದ್ದು ಇದೇ ಪದ. ಆಗ ಹತ್ತನೇ ತರಗತಿಯ ವಿಜ್ಞಾನದಿಂದ ಜೀವವಿಕಾಸದ ಭಾಗವೂ ಹೊರಗೆ ಹೋಯಿತು. 2023ರಲ್ಲಿ ಅನೇಕ ವಿಜ್ಞಾನಿಗಳೂ ಶಿಕ್ಷಕರೂ ಇದಕ್ಕೆ ಆಕ್ಷೇಪಣೆ ಎತ್ತಿದರು. ಹೊರೆ ಎಂದದ್ದು ಕಾರಣವೋ ನೆಪವೋ ಎಂಬುದೇ ಅವರ ಪ್ರಶ್ನೆಯಾಗಿತ್ತು.

ಮೂರನೆಯದು ಹುಡುಗಿಯ ತಂದೆ ಬೈದ ಅರ್ಥ. ಮನಸ್ಸು ತನಗೆ ಬೇಕಾದದ್ದನ್ನು ಮೊದಲೇ ಮಾಡಿಬಿಟ್ಟಿರುತ್ತದೆ. ಆಮೇಲೆ ಬುದ್ಧಿಯನ್ನು ಕರೆದು, ಇದಕ್ಕೊಂದು ಒಳ್ಳೆಯ ಕಾರಣ ಹುಡುಕಿಕೊಡು ಎನ್ನುತ್ತದೆ. ಈ ಅರ್ಥದಲ್ಲಿ ಪದವನ್ನು 1908ರಲ್ಲಿ ಬಳಕೆಗೆ ತಂದವರು ಫ್ರಾಯ್ಡ್ ಅವರ ಒಡನಾಡಿ, ವೇಲ್ಸ್‌ನ ವೈದ್ಯ ಅರ್ನೆಸ್ಟ್ ಜೋನ್ಸ್. ಪದ ಹೊಸದಾದರೂ ಚಾಳಿ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. ಮಾಂಸ, ಮೀನು ಬಿಟ್ಟಿದ್ದ ಅವರು ಹಡಗಿನಲ್ಲಿ ಹೋಗುವಾಗ ಮೀನು ಬೇಯಿಸುವ ವಾಸನೆ ಮೂಗಿಗೆ ಬಡಿಯಿತು. ನಿಯಮವೋ ನಾಲಿಗೆಯೋ ಎಂದು ತೂಗುತ್ತಿದ್ದಾಗ, ದೊಡ್ಡ ಮೀನಿನ ಹೊಟ್ಟೆಯಿಂದ ಸಣ್ಣ ಮೀನುಗಳನ್ನು ತೆಗೆದದ್ದು ನೆನಪಾಯಿತು. ಮೀನೇ ಮೀನನ್ನು ತಿನ್ನುವಾಗ ನಾನು ತಿಂದರೇನು ಎಂದು ಚೆನ್ನಾಗಿ ಊಟ ಮಾಡಿದರಂತೆ! ಜನರಲ್ ಬಜಾರಿನಲ್ಲಿ ಬೇಡದ ಸೀರೆ ಕೊಂಡು, "ಮುಂದೆ ಮದುವೆಗೆ ಕೊಡಲಿಕ್ಕೆ ಬರುತ್ತದೆ" ಎಂದು ಮನೆಗೆ ಬರುವ ನಾವೂ ಅವರ ಸಂಗಡಿಗರೇ.

ಹಾಗಾದರೆ ಈ ಪದಕ್ಕೂ ಸುಳ್ಳಿಗೂ ಏನು ವ್ಯತ್ಯಾಸ? ಸುಳ್ಳನ್ನು ಗೊತ್ತಿದ್ದೇ ಇನ್ನೊಬ್ಬರಿಗೆ ಹೇಳುತ್ತೇವೆ. ಇದನ್ನು ಗೊತ್ತಿಲ್ಲದೆ ನಮಗೇ ಹೇಳಿಕೊಳ್ಳುತ್ತೇವೆ. ನಮ್ಮ ಹಿರಿಯರು ಇದನ್ನು ಬಲ್ಲವರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕನ್ನಡದಲ್ಲಿ ನೆಪ, ನೆವ, ಸಮಜಾಯಿಷಿ ಎಂದೆಲ್ಲ ಪದಗಳಿವೆ. ಇಲ್ಲಿಯ ಉರ್ದುವಿನಲ್ಲಿ ಬಹಾನಾ. ತೆಲುಗಿನಲ್ಲಿಯೋ, ಸಾಕು! ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ಕೆಲಸದವಳಿಗೆ "ಸಾಕುಲು ಚೆಪ್ಪಕು" ಎಂದು ಗದರಿದಾಗ, ಸಾಕು ಎನ್ನಬೇಡ ಎಂದು ಯಾಕೆ ಗದರುತ್ತಾರೋ ಎಂದು ನಾನು ಪೆಚ್ಚಾಗಿದ್ದೆ. ನೆಪ ಹೇಳಬೇಡ ಎಂದು ಅದರ ಅರ್ಥ.

ರ್ಯಾಷನಲಿಸಂ ಎಂಬ ಪದಕ್ಕೆ ನಮ್ಮ ಅಕ್ಕಪಕ್ಕದವರು ಮಾಡಿಕೊಂಡ ಪದಗಳೂ ಸ್ವಾರಸ್ಯವಾಗಿವೆ. ತೆಲುಗರು ಹೇತುವಾದ ಎನ್ನುತ್ತಾರೆ, ಮಲಯಾಳಿಗಳು ಯುಕ್ತಿವಾದ ಎನ್ನುತ್ತಾರೆ. ತಮಿಳರ ಪಗುತ್ತರಿವು ಎಂದರೆ ಬೇರ್ಪಡಿಸಿ ಅರಿಯುವುದು, ಮೊರದಲ್ಲಿ ಕೇರಿದ ಹಾಗೆ. ನಾವು ವಿಚಾರವಾದ ಎಂದೆವು. ವಿಚಾರ ಎಂದರೆ ಯೋಚನೆಯೂ ಹೌದು, ವಿಚಾರಣೆಯೂ ಹೌದು. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದೆಂದು ಜೀವನಪೂರ್ತಿ ಹೇಳಿದವರು ಅವರು. ಇನ್ನೊಬ್ಬರ ಪವಾಡವನ್ನು ಪ್ರಶ್ನಿಸಲು ಧೈರ್ಯ ಬೇಕು, ನಿಜ. ನಮ್ಮ ಮನಸ್ಸು ನಮಗೇ ತೋರಿಸುವ ಪವಾಡವನ್ನು ಪ್ರಶ್ನಿಸಲು ಇನ್ನೂ ಹೆಚ್ಚು ಧೈರ್ಯ ಬೇಕು. ನನಗೆ ಆ ಧೈರ್ಯ ಬಹಳ ವರ್ಷ ಇರಲಿಲ್ಲ.

ನಮ್ಮ ಮಾವನವರು ಬೀದರ್ ಜಿಲ್ಲೆಯವರು. ಅವರು ಶಾಲೆಗೆ ಹೋದದ್ದು ನಿಜಾಮರ ಕಾಲದಲ್ಲಿ. ಬೀದರ, ಗುಲ್ಬರ್ಗ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆಡಳಿತದ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ ಕಲಿಸುತ್ತಿತ್ತು. ಮಾವನವರದೂ ಉರ್ದು ಮಾಧ್ಯಮ. 1956ರ ನವೆಂಬರ್ 1ರಂದು ಅವರ ಊರು ಮೈಸೂರು ರಾಜ್ಯಕ್ಕೆ ಸೇರಿತು, ಅವರು ನೌಕರಿಗೆಂದು ಹೈದರಾಬಾದಿನಲ್ಲೇ ಉಳಿದರು. ಇಪ್ಪತ್ತು ದಾಟಿದ ಮೇಲೆ, ರಾತ್ರಿ ಕುಳಿತು, ಕನ್ನಡ ಬರೆಯುವುದನ್ನು ತಾವೇ ಕಲಿತರು. ಅವರ ಒತ್ತಕ್ಷರಗಳು ಕೊನೆಯವರೆಗೂ ಓಲಾಡುತ್ತಲೇ ಇದ್ದವು.

ನನ್ನ ಮಗ 1996ರಲ್ಲಿ ಹುಟ್ಟಿದವನು. ಮನೆಯಲ್ಲಿ ಕನ್ನಡ ಚೆನ್ನಾಗಿಯೇ ಮಾತಾಡುತ್ತಾನೆ, ಓದಲು ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ ನನ್ನ ಬಳಿ ಮೂರು ಕಾರಣಗಳು ಸಿದ್ಧವಾಗಿದ್ದವು. ಶಾಲೆಯಲ್ಲಿ ಕನ್ನಡವಿರಲಿಲ್ಲ. ತೆಲುಗು, ಹಿಂದಿ, ಇಂಗ್ಲಿಷಿನ ಜೊತೆ ನಾಲ್ಕನೆಯ ಲಿಪಿ ಮಗುವಿಗೆ ಹೊರೆ. ಇವರ ನೌಕರಿಯಲ್ಲಿ ಯಾವಾಗ ಎಲ್ಲಿಗೆ ವರ್ಗವಾಗುತ್ತದೋ ಗೊತ್ತಿಲ್ಲ. ಮೂರೂ ನಿಜವೇ. ಕೇಳಿದವರು ತಲೆದೂಗುತ್ತಿದ್ದರು.

2018ರಲ್ಲಿ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ದಿನ ಅಜ್ಜ ಅವನ ಕೈಗೆ ಮಡಿಸಿದ ಎರಡು ಹಾಳೆ ಕೊಟ್ಟರು. ಕನ್ನಡದ ಪತ್ರ. ಅವನು ಅದನ್ನು ತೆಗೆದುಕೊಂಡು ನೇರ ಅಡುಗೆಮನೆಗೆ ಬಂದ. "ಅಮ್ಮಾ, ಓದಿ ಹೇಳು." ಒಲೆ ಸಣ್ಣ ಮಾಡಿ ನಾನು ಗಟ್ಟಿಯಾಗಿ ಓದಿದೆ. ಮೊಮ್ಮಗನಿಗೆ ಮಾತ್ರವೆಂದು ಬರೆದ ಮಾತುಗಳು ನನ್ನ ಬಾಯಿಂದ ಹೊರಬಂದವು. ಮಾವನವರು ಪಕ್ಕದ ಕೋಣೆಯಲ್ಲೇ ಇದ್ದರು. ಅವರಿಗೆ ಎಲ್ಲವೂ ಕೇಳಿಸುತ್ತಿತ್ತು.

ರಾತ್ರಿ ಊಟಕ್ಕೆ ಬಡಿಸುವಾಗ ನಾನಾಗಿಯೇ ಶುರುಮಾಡಿದೆ, ಶಾಲೆಯಲ್ಲಿ ಕನ್ನಡ ಇರಲಿಲ್ಲವಲ್ಲ ಎಂದು. ಅವರು ಸಿಟ್ಟಾಗಲಿಲ್ಲ. "ತಂಗೀ, ನಮಗ ಕನ್ನಡ ಸಾಲಿ ಇರಲಿಲ್ಲ. ನಿಮಗ ಏನಿರಲಿಲ್ಲ?" ಎಂದರು, ಅಷ್ಟೆ. 2020ರಲ್ಲಿ ಅವರು ತೀರಿಕೊಂಡರು. ನಾನು ಉತ್ತರ ಕೊಟ್ಟಿರಲಿಲ್ಲ.

ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸಂಘದಲ್ಲೇ ಭಾನುವಾರ ಸಂಜೆ ಕನ್ನಡದ ತರಗತಿ ನಡೆಯುತ್ತಿತ್ತು. ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು, ನನಗೆ ಭಾನುವಾರದ ನಿದ್ದೆ ಬೇಕಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಮಗ ಪಟಪಟನೆ ಇಂಗ್ಲಿಷ್ ಮಾತಾಡಿದರೆ, "ತಾಯಿ ಬಿ.ಎ. ಇಂಗ್ಲಿಷ್ ಅಲ್ಲವೇ" ಎಂದು ಜನ ಹೇಳುವುದು ನನಗೆ ಹಿತವಾಗಿತ್ತು. ಕನ್ನಡ ಓದಿದರೆ ಹಾಗೆ ಹೇಳುವವರು ಯಾರಿದ್ದರು? ನಿಜವಾದ ಕಾರಣ ಇದು. ಉಳಿದ ಮೂರನ್ನು ಆಮೇಲೆ ಹೊಂದಿಸಿಕೊಂಡೆ. ಭಿನ್ನರಾಶಿ ನೋಡಲು ಚೊಕ್ಕಟವಾಯಿತು, ಬೆಲೆ ಅಷ್ಟೇ ಉಳಿಯಿತು.

ಆದ್ದರಿಂದ ಮರುದಿನ ಮೇಲಿನ ಮನೆಯ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಕಾರಣ ಕೆಲಸಕ್ಕಿಂತ ಮುಂಚೆ ಬರುತ್ತದೆ, ಕೆಲಸ ಮುಗಿದ ಮೇಲೆ ಬಂದದ್ದನ್ನು ಒಮ್ಮೆ ತಿರುಗಿಸಿ ನೋಡು. ಕಾರಣಗಳು ಒಂದಕ್ಕಿಂತ ಹೆಚ್ಚಾಗಿ, ಎಲ್ಲವೂ ನಮ್ಮ ಪರವಾಗಿಯೇ ಇದ್ದರೆ ಎರಡು ಸಲ ನೋಡು.

ಕಳೆದ ದೀಪಾವಳಿಗೆ ಮಗ ಬಂದಾಗ ಒಂದು ನೋಟ್‌ಬುಕ್ಕಿನಲ್ಲಿ ಅಕ್ಷರಮಾಲೆ ಬರೆದು ಮುಂದಿಟ್ಟೆ. ಆಫೀಸು, ಟ್ರಾಫಿಕ್ಕು, ಇನ್ನು ಈ ವಯಸ್ಸಿನಲ್ಲಿ ಎಲ್ಲಿ ಎಂದು ಅವನೂ ಮೂರು ಕಾರಣ ಹೇಳಿದ. ಥೇಟ್ ನನ್ನ ಮಗನೇ! "ನಿನ್ನ ಸಾಕುಗಳು ಸಾಕು" ಎಂದೆ. ತೆಲುಗು ಬಲ್ಲವನಲ್ಲವೇ, ಗೊಳ್ಳೆಂದು ನಕ್ಕ. ಈಗ ಭಾನುವಾರ ಸಂಜೆ ಫೋನಿನಲ್ಲಿ ಅರ್ಧ ಗಂಟೆ ನಮ್ಮ ಪಾಠ. ಕಾಗುಣಿತ ಮುಗಿದಿದೆ, ಒತ್ತಕ್ಷರದಲ್ಲಿ ಎಡವುತ್ತಾನೆ. ಅಜ್ಜನ ಪತ್ರದ ಮೊದಲನೆಯ ಹಾಳೆಯ ಅರ್ಧದವರೆಗೆ ತಾನೇ ಓದಿಕೊಂಡು ಬಂದಿದ್ದಾನೆ.

ನಿಮ್ಮ ಮನೆಯಲ್ಲಿಯೂ ಇಂಥ ಒಂದು ಪತ್ರ, ಒಂದು ಡೈರಿ, ಅಜ್ಜಿಯ ಅಡುಗೆಯ ಒಂದು ಪುಸ್ತಕ ಇರಬಹುದು. ಮಕ್ಕಳಿಗೆ ಯಾಕೆ ಓದಲು ಬರುವುದಿಲ್ಲ ಎಂಬುದಕ್ಕೆ ನಿಮ್ಮಲ್ಲಿಯೂ ಕಾರಣಗಳಿರಬಹುದು. ಈ ಭಾನುವಾರ ಒಮ್ಮೆ ಅವನ್ನು ಮೊರಕ್ಕೆ ಹಾಕಿ ಕೇರಿ ನೋಡಿ.