ಮನೆ ಸಾಲಕ್ಕೆ ಮುನ್ನ ನಿಮ್ಮ ‘ಅಂಕಪಟ್ಟಿ’ ನೋಡಿದ್ದೀರಾ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಈಗ ಇನ್ನೊಂದು ಮಾತು ಸೇರಿಸಬೇಕಾಗಿದೆ: ಮನೆ ಕಟ್ಟುವ ಮೊದಲು ನಿಮ್ಮ ಅಂಕಪಟ್ಟಿ ನೋಡಿ! ಶಾಲೆ ಬಿಟ್ಟು ಎಷ್ಟೋ ವರ್ಷವಾಯಿತು, ಇದ್ಯಾವ ಅಂಕಪಟ್ಟಿ ಅಂತೀರಾ?

ನಮ್ಮ ಬೀದಿಯ ಗೆಳತಿಯೊಬ್ಬರ ಸಂಗತಿ ಕೇಳಿ. ಸಂಬಳದಲ್ಲಿ ಉಳಿಸಿದ್ದು, ಚೀಟಿ ಎತ್ತಿದ್ದು ಎಲ್ಲ ಕೂಡಿಸಿ ಗಂಡ ಹೆಂಡತಿ ಊರ ಹೊರಗೊಂದು ಸೈಟು ಕೊಂಡಿದ್ದರು. ಸೈಟು ಇಬ್ಬರ ಹೆಸರಿನಲ್ಲಿದ್ದುದರಿಂದ ಮನೆ ಸಾಲದ ಅರ್ಜಿಗೂ ಇಬ್ಬರೂ ಸಹಿ ಹಾಕಿದರು. ವಾರ ಬಿಟ್ಟು ಹೋದಾಗ ಬ್ಯಾಂಕಿನ ಅಧಿಕಾರಿ, “ಯಜಮಾನರದ್ದು ಸರಿಯಾಗಿದೆ. ನಿಮ್ಮ ಹೆಸರಿನಲ್ಲೇ ತೊಂದರೆ ಇದೆಯಲ್ಲಮ್ಮಾ” ಎಂದರಂತೆ.

“ನಾನು ಯಾವತ್ತು ಸಾಲ ಮಾಡಿದೀನಿ ಸಾರ್?”

ಮಾಡಿರಲಿಲ್ಲ, ನಿಜ. ಆದರೆ ಕೆಲವು ವರ್ಷದ ಹಿಂದೆ ತಮ್ಮ ಗೂಡ್ಸ್ ಆಟೋ ಕೊಂಡಾಗ ಜಾಮೀನಿಗೆ ಸಹಿ ಹಾಕಿದ್ದರು. ಬಾಡಿಗೆ ಕೈಹತ್ತಲಿಲ್ಲ, ಕಂತು ನಿಂತವು. ಕೊನೆಗೆ ‘ಇಷ್ಟು ಕೊಟ್ಟುಬಿಡು, ಮುಗಿಸೋಣ’ ಎಂದು ಫೈನಾನ್ಸಿನವರೊಡನೆ ರಾಜಿಯಾಯಿತು. ತವರಿನ ವಿಷಯವೆಂದು ಈಕೆ ಗಂಡನಿಗೆ ಹೇಳಿರಲಿಲ್ಲ. ಅಂದು ಬ್ಯಾಂಕಿನಿಂದ ಮನೆ ತಲುಪುವವರೆಗೂ ಆತ ಒಂದು ಮಾತೂ ಆಡಲಿಲ್ಲವಂತೆ.

ಏನಿದು ಅಂಕ?

ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ನಿಮಗೆ ಗೊತ್ತೇ ಇದೆ. ಯಾರು ಒಂದನೇ ತಾರೀಖಿಗೇ ಬಾಕಿ ಕೊಡುತ್ತಾರೆ, ಯಾರು ಅಂಗಡಿ ಕಂಡರೆ ಪಕ್ಕದ ಓಣಿಗೆ ತಿರುಗುತ್ತಾರೆ, ಅಂಗಡಿಯವರಿಗೆ ಎಲ್ಲ ತಿಳಿದಿರುತ್ತದೆ. ಹಾಗೆಯೇ ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲದ ಲೆಕ್ಕವನ್ನೆಲ್ಲ ತರಿಸಿ ಇಡುವ ಸಂಸ್ಥೆಗಳು ನಮ್ಮ ದೇಶದಲ್ಲಿ ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಇವುಗಳಲ್ಲಿ 2000ದಲ್ಲಿ ಆರಂಭವಾದ ಸಿಬಿಲ್ ಮೊದಲನೆಯದು. ಅದಕ್ಕೇ ಜನ ‘ಸಿಬಿಲ್ ಸ್ಕೋರ್’ ಎನ್ನುವುದು.

ಅಂಕ 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ತೀರ ಕಡಿಮೆಯಿದ್ದರೆ ಸಾಲ ಇಲ್ಲವೆನ್ನಬಹುದು, ಇಲ್ಲವೇ ಬಡ್ಡಿ ಏರಿಸಬಹುದು. ಶೇಕಡಾ ಒಂದು ತಾನೇ ಎನ್ನಬೇಡಿ. 20 ಲಕ್ಷ ರೂಪಾಯಿ ಸಾಲಕ್ಕೆ 20 ವರ್ಷದ ಅವಧಿಯಲ್ಲಿ ಬಡ್ಡಿ ಎಂಟೂವರೆಯ ಬದಲು ಒಂಬತ್ತೂವರೆಯಾದರೆ ತಿಂಗಳ ಕಂತು ಸುಮಾರು 1,290 ರೂಪಾಯಿ ಹೆಚ್ಚುತ್ತದೆ. ಒಟ್ಟು ಲೆಕ್ಕ ಹಾಕಿದರೆ ಮೂರು ಲಕ್ಷ ಮೀರುತ್ತದೆ!

ಯಾವುದು ಲೆಕ್ಕಕ್ಕೆ ಬರುತ್ತದೆ?

ಒಡವೆ ಅಡವಿಟ್ಟು ಬ್ಯಾಂಕಿನಲ್ಲಿ ತಂದ ಸಾಲ, ಕಂತಿನ ಮೇಲೆ ಕೊಂಡ ಫ್ರಿಜ್ಜು, ಕ್ರೆಡಿಟ್ ಕಾರ್ಡು, ಜಂಟಿ ಸಾಲ, ಜಾಮೀನು, ಎಲ್ಲವೂ ಬರುತ್ತವೆ. ನೆರೆಯವರ ಕೈಸಾಲ ಬರುವುದಿಲ್ಲ. ಉಳಿತಾಯ ಖಾತೆಯಲ್ಲಿ ಎಷ್ಟು ಹಣವಿದ್ದರೂ ಅದರಿಂದ ಅಂಕ ಏರುವುದಿಲ್ಲ.

“ನಾವು ಯಾರ ಹತ್ರಾನೂ ಸಾಲ ಮಾಡಿದವರಲ್ಲ” ಎಂದು ಹೆಮ್ಮೆ ಪಡುವವರಿದ್ದಾರೆ. ಅಂಥವರ ಪುಟ ಖಾಲಿ, ಅಂಕವೇ ಇರುವುದಿಲ್ಲ. ಆದರೆ ಗಾಬರಿ ಬೇಡ. ಹಿಂದಿನ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲದ ಅರ್ಜಿ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಹೇಳಿದೆ.

ನೀವು ಮಾಡಬೇಕಾದದ್ದು

1. ಅರ್ಜಿಗೆ ಆರು ತಿಂಗಳ ಮುಂಚೆಯೇ ನಿಮ್ಮ ವರದಿ ತರಿಸಿ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಲೇಬೇಕು. ಅವುಗಳ ಸ್ವಂತ ತಾಣದಲ್ಲೇ ಕೇಳಿ, ಮಕ್ಕಳ ಸಹಾಯ ಪಡೆಯಿರಿ. ನಿಮ್ಮದನ್ನು ನೀವು ನೋಡಿಕೊಂಡರೆ ಅಂಕ ಇಳಿಯುವುದಿಲ್ಲ.

2. ಹೆಸರು, ಪ್ಯಾನ್ ಸಂಖ್ಯೆ, ಪ್ರತಿ ಸಾಲವನ್ನೂ ಬೇಳೆ ಆರಿಸುವ ಹಾಗೆ ನೋಡಿ. ನಿಮ್ಮದಲ್ಲದ ಸಾಲ ಕಂಡರೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಸಲ್ಲಬೇಕು.

3. ಕಂತಿನ ದಿನ ತಪ್ಪಿಸಬೇಡಿ. ಕಾರ್ಡಿನ ಮಿತಿಯನ್ನೆಲ್ಲ ಖರ್ಚು ಮಾಡಬೇಡಿ. ನಾಲ್ಕಾರು ಬ್ಯಾಂಕಿಗೆ ಒಟ್ಟಿಗೇ ಅರ್ಜಿ ಹಾಕಬೇಡಿ.

4. ರಾಜಿಯಲ್ಲಿ ಮುಗಿದ ಸಾಲ ಪೂರ್ತಿ ತೀರಿದ ಸಾಲವಲ್ಲ. ವರದಿಯಲ್ಲಿ ಅದಕ್ಕೆ ಬೇರೆಯೇ ಗುರುತು ಬೀಳುತ್ತದೆ. ತೀರಿಸಿದ ಮೇಲೆ ‘ಬಾಕಿ ಇಲ್ಲ’ ಎಂಬ ಪತ್ರ ಪಡೆದು ಜೋಪಾನವಾಗಿಡಿ.

5. ಜಾಮೀನು ಸಹಿ ಬರೀ ಸಾಕ್ಷಿಯ ಸಹಿಯಲ್ಲ. ಅವರು ಕಟ್ಟದಿದ್ದರೆ ನೀವು ಕಟ್ಟಬೇಕು. ಹಾಕಲೇಬೇಕಾಗಿ ಬಂದರೆ ಮನೆಯಲ್ಲಿ ಮೊದಲು ಹೇಳಿ. ಆಮೇಲೆ ತಿಂಗಳು ತಿಂಗಳು ಕಂತಿನ ರಸೀತಿ ಕೇಳಿ ನೋಡಿ. ಅದರಲ್ಲಿ ಸಂಕೋಚವೇನೂ ಬೇಡ.

ಗೆಳತಿಯ ಮನೆ ಏನಾಯಿತು ಅಂತೀರಾ? ವಿಷಯ ತಿಳಿದ ತಮ್ಮ ಉಳಿದ ಬಾಕಿಯನ್ನು ಎರಡು ಸಲದಲ್ಲಿ ಕಟ್ಟಿ ಪತ್ರ ತಂದುಕೊಟ್ಟ. ವರದಿಯಲ್ಲಿ ‘ರಾಜಿ’ ಹೋಗಿ ‘ಮುಕ್ತಾಯ’ ಎಂದಾಯಿತು. ಅಂಕ ಮಾತ್ರ ಮೆಲ್ಲಗೆ ಏರಿತು, ಸಾಲ ಸಿಕ್ಕಿದ್ದು ಮರುವರ್ಷ. ಅಷ್ಟರಲ್ಲಿ ಸಿಮೆಂಟು, ಕಬ್ಬಿಣದ ಬೆಲೆ ಏರಿತ್ತು. ಒಂದು ಕೋಣೆ ಕಮ್ಮಿಯಾಯಿತು.

ಗೃಹಪ್ರವೇಶದ ದಿನ ಆಕೆ ಹೇಳಿದ್ದಿಷ್ಟು: “ಸಹಿ ಹಾಕಿದ್ದಕ್ಕೆ ಬೇಜಾರಿಲ್ಲ ಕಣ್ರೀ, ತಮ್ಮ ತಾನೇ. ಇವರಿಗೆ ಒಂದು ಮಾತು ಹೇಳದೇ ಇದ್ದೆನಲ್ಲ, ಅದೇ ಇವತ್ತಿಗೂ ಚುಚ್ಚುತ್ತೆ.”